ಮುಚ್ಚಳ ತೆಗೆದದ್ದು ಯಾರು?



ನಮ್ಮ ಮನೆಯ ಗಾಜಿನ ಒಲೆಯ ವಿಷಯ ಈ ಅಂಕಣದಲ್ಲಿ ಹಿಂದೆ ಒಂದೆರಡು ಸಲ ಬಂದುಹೋಗಿದೆ. "ಗಾಜನ್ನು ಒಲೆಯಲ್ಲಿಟ್ಟರೆ ಒಡೆದುಹೋಗುವುದಿಲ್ಲವೇ ತಾತ?" ಎಂದು ಆಗಿನಿಂದ ಮಕ್ಕಳು ಕೇಳುತ್ತಲೇ ಇದ್ದಾರೆ. ಒಡೆಯುತ್ತದೆ, ಮಕ್ಕಳೇ. ಹೋದ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲೇ ಒಡೆಯಿತು. ಹೇಗೆ ಒಡೆಯಿತು, ಯಾರಿಂದ ಒಡೆಯಿತು ಎಂಬುದನ್ನು ಈ ವಾರ ಹೇಳುತ್ತೇನೆ. ಇದರಲ್ಲಿ ಒಬ್ಬ ಕಳ್ಳ ಇದ್ದಾನೆ, ಒಬ್ಬಳು ಪತ್ತೇದಾರಿಣಿಯೂ ಇದ್ದಾಳೆ. ಪತ್ತೇದಾರಿಣಿಗೆ ಹನ್ನೊಂದು ವರ್ಷ.

ಮೊದಲು ಒಲೆಯ ಕಥೆ. ನಾನು ಬಿ.ಕಾಂ. ಓದಿದವನು. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಲೆಡ್ಜರ್ ಬರೆಯುವುದು, ಸಂಜೆ ಲೆಕ್ಕ ತಾಳೆ ನೋಡುವುದು, ಒಂದು ರೂಪಾಯಿ ವ್ಯತ್ಯಾಸ ಬಂದರೆ ಎಂಟು ಗಂಟೆಯಾದರೂ ಮನೆಗೆ ಹೋಗದೆ ಹುಡುಕುವುದು, ಇಷ್ಟೇ ನನ್ನ ವಿದ್ಯೆ. ಗಾಜಿಗೂ ನನಗೂ ಇದ್ದ ನಂಟೆಂದರೆ ಕ್ಯಾಶ್ ಕೌಂಟರಿನ ಗಾಜು ಮಾತ್ರ. ನಿವೃತ್ತನಾದ ಮೇಲೆ ಮಗನ ಮನೆಗೆಂದು ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋದೆ. ಮಳೆಯ ಊರು. ಹೊರಗೆ ಕಾಲಿಡಲಾಗದೆ, ಒಳಗೆ ಕೂರಲಾಗದೆ ಒದ್ದಾಡುತ್ತಿದ್ದೆ. ಆ ಊರಿನಲ್ಲಿ 1974ರಲ್ಲಿ ಶುರುವಾದ ಬುಲ್ಸ್‌ಐ ಎಂಬ ಬಣ್ಣದ ಗಾಜಿನ ಕಾರ್ಖಾನೆ ಇದೆ. ಹಾಗಾಗಿ ಅಲ್ಲಿ ಗಾಜಿನ ಹುಚ್ಚಿನವರು ಬಹಳ. ಮಗನ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬಾಕೆ ತಮ್ಮ ಗ್ಯಾರೇಜಿನಲ್ಲೇ ಈ ಕೆಲಸ ಹೇಳಿಕೊಡುತ್ತಿದ್ದರು. ನನ್ನ ಒದ್ದಾಟ ನೋಡಲಾರದೆ ಸೊಸೆ ಅಲ್ಲಿಗೆ ಸೇರಿಸಿದಳು. ಮೈಸೂರಿಗೆ ವಾಪಸಾಗುವಾಗ ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿಟ್ಟ ಗಾಜಿನ ಹಾಳೆಗಳಿದ್ದವು. ಸೀರೆ ಯಾರದು ಎಂದು ಹೇಳಬೇಕಿಲ್ಲ. ಮನೆಯವಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಈ ವಿದ್ಯೆ ಅಮೆರಿಕದವರು ಕಂಡುಹಿಡಿದದ್ದೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ಸಾಮ್ರಾಜ್ಯದ ಕುಶಲಿಗಳು ಬಣ್ಣದ ಗಾಜಿನ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿ, ಕಾಯಿಸಿ ಒಂದಾಗಿಸಿ, ಅಚ್ಚಿನ ಮೇಲೆ ಬಾಗಿಸಿ ಬಟ್ಟಲು ಮಾಡುತ್ತಿದ್ದರು. ಕೊಳವೆಯಲ್ಲಿ ಊದಿ ಗಾಜಿನ ಪಾತ್ರೆ ಮಾಡುವ ಉಪಾಯ ಬಂದ ಮೇಲೆ ಹಳೆಯ ವಿದ್ಯೆ ಹಿಂದೆ ಬಿತ್ತು. ಊದುವುದಕ್ಕೆ ದೊಡ್ಡ ಕುಲುಮೆ ಬೇಕು, ಬಲವಾದ ಶ್ವಾಸಕೋಶ ಬೇಕು. ಒಲೆಯಲ್ಲಿಟ್ಟು ಕೂಡಿಸುವುದಕ್ಕೆ ತಾಳ್ಮೆ ಇದ್ದರೆ ಸಾಕು. ಎಪ್ಪತ್ತು ದಾಟಿದವರಿಗೆ ಇದೇ ಸರಿ ಅಂದುಕೊಂಡೆ. ತಾಳ್ಮೆಯ ವಿಷಯದಲ್ಲಿ ನನ್ನ ಅಂದಾಜು ತಪ್ಪಿತ್ತು. ಅದು ಮುಂದೆ ಗೊತ್ತಾಗುತ್ತದೆ.

ಒಲೆ ಹೇಗಿರಬೇಕು?

ಕುಂಬಾರರ ಆವಿಗೆ ನೋಡಿದ್ದೀರಲ್ಲ, ನಮ್ಮದು ಅದರ ಕರೆಂಟಿನ ಮರಿ. ಬೆಂಗಳೂರಿನ ಪೀಣ್ಯದಲ್ಲಿ ಪ್ರಯೋಗಾಲಯಗಳಿಗೆ ಒಲೆ ಮಾಡಿಕೊಡುವವರಿಗೆ ಅಳತೆ ಕೊಟ್ಟು ಮಾಡಿಸಿದ್ದು. ಒಳಗೆ ಹದಿನಾಲ್ಕು ಅಂಗುಲ ಉದ್ದ, ಅಷ್ಟೇ ಅಗಲ, ಎಂಟು ಅಂಗುಲ ಆಳ. ಸುತ್ತಲೂ ಹಗುರವಾದ ಬಿಳಿ ಇಟ್ಟಿಗೆ. ಮಡಕೆ ಸುಡುವ ಒಲೆಯಲ್ಲಿ ಕಾಯುವ ತಂತಿಯ ಸುರುಳಿ ಗೋಡೆಯಲ್ಲಿರುತ್ತದೆ. ಗಾಜು ಚಪ್ಪಟೆಯಾದ್ದರಿಂದ ಅದಕ್ಕೆ ಶಾಖ ಮೇಲಿನಿಂದ ಸಮನಾಗಿ ಬೀಳಬೇಕು. ಆದ್ದರಿಂದ ಸುರುಳಿಯನ್ನು ಮುಚ್ಚಳದಲ್ಲೇ ಹಾಕಿಸಿದೆ.

ಸುರುಳಿಗಿಂತ ಮುಖ್ಯವಾದದ್ದು ಒಲೆಯ ಪಕ್ಕದಲ್ಲಿರುವ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ. ಒಳಗಿನ ಶಾಖವನ್ನು ಥರ್ಮೋಕಪಲ್ ಎಂಬ ಕಡ್ಡಿ ಅಳೆದು ಹೇಳುತ್ತದೆ. ಗಂಟೆಗೆ ಎಷ್ಟು ಡಿಗ್ರಿ ಏರಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಎಂದು ನಾವು ಮೊದಲೇ ಬರೆದುಕೊಟ್ಟರೆ ಕಂಟ್ರೋಲರ್ ಹಾಗೇ ನಡೆಸುತ್ತದೆ. ಏರಿಸುವುದಕ್ಕೆ ಮಾತ್ರ ಬರುವ, ನಿಧಾನವಾಗಿ ಇಳಿಸಲು ಬಾರದ ಒಲೆಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ತೆಗೆದುಕೊಳ್ಳಬೇಡಿ. ಗಾಜಿನ ಕೆಲಸದಲ್ಲಿ ಏರುವುದು ಸುಲಭ, ಇಳಿಯುವುದೇ ಕಷ್ಟ. ಮೊಣಕಾಲು ನೋವಿರುವ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಲೆಗೆ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್ ಇರಲಿ. ಗೋಡೆಯಿಂದ ಒಂದಡಿ ದೂರ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಿ. ಹತ್ತಿರ ಪರದೆ, ಪೇಪರು, ಒಣಗಲು ಹಾಕಿದ ಬಟ್ಟೆ ಏನೂ ಇರಕೂಡದು. ನಮ್ಮದು ಹಿಂದಿನ ವರಾಂಡದಲ್ಲಿದೆ.

ಯಾವ ಗಾಜಿಗೆ ಯಾವ ಗಾಜು?

ಎಲ್ಲ ಗಾಜೂ ನೋಡುವುದಕ್ಕೆ ಒಂದೇ, ಸ್ವಭಾವ ಬೇರೆ ಬೇರೆ. ಬಿಸಿಯಾದರೆ ಗಾಜು ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಒಂದು ಅಂಕಿ ಇದೆ. ಬುಲ್ಸ್‌ಐ ಗಾಜಿನ ಅಂಕಿ 90. ಅಂದರೆ ಒಂದು ಮೀಟರ್ ಉದ್ದದ ಗಾಜಿನ ಕೋಲು 100 ಡಿಗ್ರಿ ಬಿಸಿಯಾದರೆ ಸುಮಾರು 0.9 ಮಿಲಿಮೀಟರ್ ಉದ್ದವಾಗುತ್ತದೆ. ಅಂಕಿ 96 ಇರುವ ಗಾಜೂ ಅಂಗಡಿಯಲ್ಲಿ ಸಿಗುತ್ತದೆ. 90ನ್ನೂ 96ನ್ನೂ ಒಟ್ಟಿಗೆ ಕಾಯಿಸಿದರೆ ಬಿಸಿಯಲ್ಲಿ ಸ್ನೇಹವಾಗಿ ಒಂದಾಗಿಬಿಡುತ್ತವೆ. ತಣಿಯುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಎಳೆದಾಟ ಶುರು. ಅವತ್ತೇ ಒಡೆಯಬಹುದು, ಹದಿನೈದು ದಿನ ಬಿಟ್ಟು ಶೋಕೇಸಿನಲ್ಲಿ ಕೂತಿದ್ದಾಗಲೂ ಒಡೆಯಬಹುದು.

ಮನೆಯಲ್ಲಿ ಕಲಿಯುವವರಿಗೆ ಕಿಟಕಿ ಗಾಜು ಅಗ್ಗ. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಪಟ್ಟಿಗಳನ್ನು ಕೇಳಿದರೆ ಕೊಡುತ್ತಾರೆ. ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳನ್ನು ಮಾತ್ರ ಒಂದಕ್ಕೊಂದು ಸೇರಿಸಿ. ಬಾಟಲಿಯ ಗಾಜನ್ನು ಕಿಟಕಿ ಗಾಜಿನ ಜೊತೆ ಸೇರಿಸಬೇಡಿ. ಕಾರಿನ ಗಾಜು, ಟಫನ್ಡ್ ಗಾಜು, ಕನ್ನಡಿ, ಅಡುಗೆಮನೆಯ ಶಾಖ ತಡೆಯುವ ಗಾಜಿನ ಪಾತ್ರೆ, ಇವು ಯಾವುವೂ ಬೇಡ.

ಇನ್ನು ಒಲೆಯೊಳಗಿನ ಹಲಗೆ. ಕಾದ ಗಾಜು ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ರೊಟ್ಟಿ ಅಂಟದಿರಲು ಹಿಟ್ಟು ಉದುರಿಸುತ್ತೇವಲ್ಲ, ಹಾಗೆ ಹಲಗೆಗೆ ಅಲ್ಯುಮಿನಾ ಮತ್ತು ಬಿಳಿ ಜೇಡಿ ಬೆರೆಸಿದ ನೀರನ್ನು ಬ್ರಶ್ಶಿನಲ್ಲಿ ತೆಳ್ಳಗೆ ನಾಲ್ಕೈದು ಸಲ ಬಳಿದು ಪೂರ್ತಿ ಒಣಗಿಸಬೇಕು. ಹಳೆಯ ಬಳಿತವನ್ನು ಕೆರೆಯುವಾಗ ಮೂಗಿಗೆ ಮಾಸ್ಕ್ ಕಡ್ಡಾಯ. ಗಾಜಿನ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪಾರಿಜಾತದ ಬಿಲ್ಲೆ

ಈಗ ಕಥೆಗೆ ಬರೋಣ. ಮಗಳ ಮಗಳು ರಜೆಗೆ ಬಂದಿದ್ದಳು. ಆರನೇ ತರಗತಿ. ಮನೆಯಲ್ಲಿ ಅವಳು ಪುಟ್ಟಿ. ಅದೇ ಸೋಮವಾರ ಅವಳ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಒಂದೆರಡು ವರ್ಷದಿಂದ ಅಜ್ಜಿಗೆ ಬಣ್ಣಗಳೆಲ್ಲ ಮಾಸಿ ಕಾಣುತ್ತಿದ್ದವು. ನೀಲಿ ಸೀರೆಯನ್ನು ಬೂದಿ ಬಣ್ಣ ಎನ್ನುತ್ತಿದ್ದಳು. ಪುಟ್ಟಿ ತೀರ್ಮಾನಿಸಿಬಿಟ್ಟಳು: "ಮಂಗಳವಾರ ಕಣ್ಣಿನ ಪಟ್ಟಿ ತೆಗೆದು ಮನೆಗೆ ಬಂದಾಗ ಅಜ್ಜಿ ಮೊದಲು ನೋಡೋದು ನನ್ನ ಗಾಜು ಆಗಿರಬೇಕು."

ಕಿಟಕಿಯಲ್ಲಿ ನಿಲ್ಲಿಸುವಂಥ ಎಂಟು ಅಂಗುಲದ ದುಂಡು ಬಿಲ್ಲೆ. ಕೆಳಗೆ ಕಡುನೀಲಿ ಹಾಳೆ, ಅದರ ಮೇಲೆ ಬಣ್ಣವಿಲ್ಲದ ಹಾಳೆ, ಅದರ ಮೇಲೆ ಪಾರಿಜಾತದ ಹೂವುಗಳು. ಬಿಳಿ ಎಸಳು, ನಡುವೆ ಕಿತ್ತಳೆ ಚುಕ್ಕೆ. ಹಾಳೆ ಕತ್ತರಿಸಿದ್ದು ನಾನು. ಚಿಮಟದಲ್ಲಿ ಒಂದೊಂದೇ ಎಸಳು ಎತ್ತಿ, ಗೋಂದಿನ ಹನಿ ಇಟ್ಟು ಕೂರಿಸಿದ್ದು ಅವಳು. ಒಂದು ಇಡೀ ಬೆಳಗ್ಗೆ ಹಿಡಿಯಿತು. ಕಿತ್ತಳೆ ಚೂರುಗಳನ್ನು ಮಾತ್ರ ಹೆಸರು ಬರೆಯದ ಹಳೆಯ ಡಬ್ಬಿಯಿಂದ ಆರಿಸಿಕೊಂಡಳು. "ತಾತ, ಇದು ಹೊಂದುತ್ತದಾ?" ಎಂದು ಕೇಳಿಯೇ ಆರಿಸಿದಳು. ಅದು ಪೋರ್ಟ್‌ಲ್ಯಾಂಡಿನಿಂದ ಬಂದ ಗಾಜೇ ಎಂದು ನನಗೆ ಖಾತ್ರಿಯಿತ್ತು. "ಹೊಂದುತ್ತದೆ" ಎಂದೆ.

ಎರಡು ಹಾಳೆ ಯಾಕೆ ಎಂದೂ ಕೇಳಿದಳು. ಸೆಟ್ ದೋಸೆ ಹಿಟ್ಟನ್ನು ಕಾವಲಿಗೆ ಹೊಯ್ದರೆ ಅದೇ ಒಂದು ದಪ್ಪಕ್ಕೆ ಹರಡಿ ನಿಲ್ಲುತ್ತದಲ್ಲ, ಪೂರ್ತಿ ಕರಗಿದ ಗಾಜೂ ಹಾಗೆ. ಅದಕ್ಕೆ ಇಷ್ಟವಾದ ದಪ್ಪ ಸುಮಾರು 6 ಮಿಲಿಮೀಟರ್. ಒಂದೇ ಹಾಳೆ, ಅಂದರೆ 3 ಮಿಲಿಮೀಟರ್ ಇಟ್ಟರೆ ಅಂಚು ಒಳಗೆ ಎಳೆದುಕೊಂಡು ಗೋಜಲಾಗುತ್ತದೆ. ಮೂರು ನಾಲ್ಕು ಹಾಳೆ ಇಟ್ಟರೆ ಹೊರಗೆ ಹರಿಯುತ್ತದೆ. ಎರಡು ಹಾಳೆ ಸರಿಯಾದ ಲೆಕ್ಕ.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಒಲೆ ಹಾಕಿದೆವು. ಗಂಟೆಗೆ 220 ಡಿಗ್ರಿಯಂತೆ ಏರಿ ಮೂರು ಗಂಟೆಗೆ 670 ಮುಟ್ಟಿತು. ಎರಡು ಹಾಳೆಯ ನಡುವಿನ ಗಾಳಿ ಹೊರಗೆ ಹೋಗಲೆಂದು ಅಲ್ಲಿ ಅರ್ಧ ಗಂಟೆ ನಿಲ್ಲಿಸಿದೆವು. ಸುಮಾರು 650ರಲ್ಲಿ ಗಾಜು ಬಾಗುವಷ್ಟು ಮೆತ್ತಗಾಗುತ್ತದೆ. 740ರ ಆಸುಪಾಸಿನಲ್ಲಿ ತುಂಡುಗಳು ಅಂಟಿಕೊಳ್ಳುತ್ತವೆ, ಆದರೆ ಉಬ್ಬು ಉಳಿಯುತ್ತದೆ. 800 ದಾಟಿದರೆ ಎಲ್ಲ ಒಂದೇ ಮಟ್ಟವಾಗುತ್ತದೆ. ನಾಲ್ಕು ಗಂಟೆಗೆ 804. ಹತ್ತು ನಿಮಿಷ ಅಲ್ಲಿದ್ದು ಇಳಿಯತೊಡಗಿತು. ಪುಟ್ಟಿ ಪ್ರತಿ ಅರ್ಧ ಗಂಟೆಗೊಮ್ಮೆ ನನ್ನ ಉದ್ದನೆಯ ಒಲೆ ಲೆಡ್ಜರಿನಲ್ಲಿ ಗಂಟೆ, ಡಿಗ್ರಿ, ಷರಾ ಎಂಬ ಮೂರು ಕಲಮಿನಲ್ಲಿ ಬರೆದಳು.

ತಣಿಸುವ ವಿದ್ಯೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಸಿ ಗಾಜು ತಣಿಯುವಾಗ ಹೊರಮೈ ಬೇಗ ತಣಿಯುತ್ತದೆ, ಒಳಗೆ ಇನ್ನೂ ಕಾದಿರುತ್ತದೆ. ಹೊರಗಿನದು ಗಟ್ಟಿಯಾಗಿ ನಿಂತ ಮೇಲೆ ಒಳಗಿನದು ಕುಗ್ಗಲು ಹೊರಟರೆ ಜಾಗವಿಲ್ಲ. ಆ ಎಳೆತ ಗಾಜಿನೊಳಗೆ ತೀರದ ಸಾಲದಂತೆ ಉಳಿದುಬಿಡುತ್ತದೆ. ಆಗ ಸಣ್ಣ ಪೆಟ್ಟು ಬಿದ್ದರೂ ಸಾಕು. ಅದಕ್ಕೇ ನಮ್ಮ ಗಾಜನ್ನು 482 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ, ಅಲ್ಲಿಂದ 371ರವರೆಗೆ ಗಂಟೆಗೆ 55 ಡಿಗ್ರಿಯಂತೆ ಇಳಿಸುತ್ತೇವೆ. ಆ ಹೊತ್ತಿಗೆ ಒಳಗೂ ಹೊರಗೂ ಸಮನಾಗಿ ಸಾಲವೆಲ್ಲ ತೀರಿರುತ್ತದೆ. ಕಿಟಕಿ ಗಾಜಾದರೆ ಸುಮಾರು 550ರಲ್ಲಿ ನಿಲ್ಲಿಸಬೇಕು. ದಪ್ಪ ಹೆಚ್ಚಾದಷ್ಟೂ ಕಾಯುವ ಹೊತ್ತು ಹೆಚ್ಚು.

ಎಷ್ಟು ಹೆಚ್ಚು ಗೊತ್ತೇ? ಅಮೆರಿಕದ ಪಾಲೊಮಾರ್ ಬೆಟ್ಟದ ಮೇಲೆ ಒಂದು ದೂರದರ್ಶಕ ಇದೆ. ಅದರ ಕನ್ನಡಿ ಐದು ಮೀಟರ್ ಅಗಲ. ಅದರ ಗಾಜಿನ ಬಿಲ್ಲೆಯನ್ನು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಊರಿನಲ್ಲಿ ಎರಕ ಹೊಯ್ದರು. 1934ರ ಮಾರ್ಚಿನಲ್ಲಿ ಹೊಯ್ದ ಮೊದಲನೆಯದು ಕೆಟ್ಟಿತು, ಅಚ್ಚಿನ ಭಾಗಗಳೇ ಕಿತ್ತು ತೇಲಿಬಂದವು. ಡಿಸೆಂಬರಿನಲ್ಲಿ ಎರಡನೆಯದನ್ನು ಹೊಯ್ದು ಸುಮಾರು ಹತ್ತು ತಿಂಗಳು ತಣಿಸಿದರು. ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ! ನಡುವೆ 1935ರ ಜುಲೈನಲ್ಲಿ ಊರಿಗೆ ನೆರೆ ನುಗ್ಗಿ ಒಲೆಗೆ ಕರೆಂಟೇ ಇಲ್ಲದಂತಾಯಿತು. ಆದರೂ ಬಿಲ್ಲೆ ಉಳಿಯಿತು. 1948ರಲ್ಲಿ ದೂರದರ್ಶಕದ ಉದ್ಘಾಟನೆಯಾಯಿತು. ಆ ಹತ್ತು ತಿಂಗಳಲ್ಲಿ ಅಲ್ಲಿದ್ದವರಿಗೆ ಒಂದು ಸಲ ಒಳಗೆ ಇಣುಕಿ ನೋಡೋಣ ಎನ್ನಿಸಿರಲಿಕ್ಕಿಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನಗಂತೂ ಎನ್ನಿಸಿತು. ಒಂಬತ್ತೂ ಮುಕ್ಕಾಲು ಗಂಟೆ. ಪುಟ್ಟಿ ಮಲಗಿದ್ದಳು. ಮನೆಯವಳು ನಾಳೆಯ ಆಪರೇಷನ್ನಿನ ಯೋಚನೆಯಲ್ಲಿ ಒಳಗಿದ್ದಳು. ಕಂಟ್ರೋಲರ್ 230 ತೋರಿಸುತ್ತಿತ್ತು. ಕಷ್ಟದ ಭಾಗ ಮುಗಿದಿದೆ, ಬಣ್ಣ ಹೇಗೆ ಬಂದಿದೆಯೋ ಒಂದು ಸಲ ನೋಡಿಬಿಡೋಣ ಎಂದುಕೊಂಡೆ. ಪ್ಲಗ್ ಕಿತ್ತು, ಕೈಗವಸು ಹಾಕಿ, ಮುಚ್ಚಳ ಪೂರ್ತಿ ಎತ್ತಿದೆ. ಟಾರ್ಚ್ ಬೆಳಕಿನಲ್ಲಿ ಪಾರಿಜಾತ ಎಷ್ಟು ಚೆನ್ನಾಗಿ ಕಂಡಿತೆಂದರೆ, ಅರ್ಧ ನಿಮಿಷ ನೋಡುತ್ತ ನಿಂತುಬಿಟ್ಟೆ. ವರಾಂಡದ ಕಿಟಕಿಯಿಂದ ಡಿಸೆಂಬರಿನ ಗಾಳಿ ಬೀಸುತ್ತಿತ್ತು. "ಟಿಣ್" ಎಂಬ ಸದ್ದು ಕೇಳಿತು. ಬಳೆಗೆ ಬಳೆ ತಾಗಿದಷ್ಟೇ ಸಣ್ಣ ಸದ್ದು.

ಮುಚ್ಚಳ ಹಾಕಿದೆ. ಅಭ್ಯಾಸಬಲ ನೋಡಿ, ಕೈ ತಾನಾಗಿ ಲೆಡ್ಜರಿಗೆ ಹೋಯಿತು. 9.45, 230 ಡಿಗ್ರಿ, ಷರಾ: ಮುಚ್ಚಳ ತೆರೆದಿದೆ, ಅರ್ಧ ನಿಮಿಷ. ಬರೆದು ಮಲಗಿದೆ. ನಿದ್ದೆ ಬರಲಿಲ್ಲ.

ಪತ್ತೇದಾರಿಕೆ

ಬೆಳಗ್ಗೆ ಏಳಕ್ಕೆ ಮಗಳು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪುಟ್ಟಿಯನ್ನು ನೋಡಿಕೊಳ್ಳಲು ನಾನು ಉಳಿದೆ. ಎಂಟಕ್ಕೆ ಒಲೆ ತೆಗೆದೆವು. ಬಿಲ್ಲೆ ಎರಡು ಹೋಳಾಗಿತ್ತು.

ಅವಳು ಅಳಲಿಲ್ಲ. ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದಳು: "ಆ ಕಿತ್ತಳೆ ಚೂರು ಹಾಕಬಾರದಿತ್ತು ತಾತ. ನನ್ನಿಂದಲೇ ಆಯ್ತು."

ನಾನು ಏನು ಹೇಳಬೇಕಿತ್ತು ಎಂದು ನಿಮಗೆಲ್ಲ ಗೊತ್ತಿದೆ. ನಾನು ಹೇಳಿದ್ದು, "ಇರಬಹುದು."

ಯಾಕೆ ಹಾಗೆ ಹೇಳಿದೆ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. "ಮುಚ್ಚಳ ಮುಟ್ಟಬೇಡ, ಎಷ್ಟೇ ಆಸೆಯಾದರೂ ಮುಟ್ಟಬೇಡ" ಎಂದು ಅವಳಿಗೆ ಹತ್ತು ಸಲ ಹೇಳಿದವನು ನಾನು. ಆ ಮಾತು ಹೇಳಿದ ಬಾಯಲ್ಲಿ ಈ ಮಾತು ಹೊರಡಲಿಲ್ಲ. ಎಪ್ಪತ್ತು ದಾಟಿದ ಮೇಲೂ ಮರ್ಯಾದೆಯ ಚಿಂತೆ, ಅದೂ ಹನ್ನೊಂದು ವರ್ಷದ ಮಗುವಿನ ಮುಂದೆ.

ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಅವಳು ಅಲ್ಲೇ ಕೂತು ತನಿಖೆ ಶುರುಮಾಡಿದ್ದಳು. ತನಿಖೆಯ ಪಾಠ ಹೇಳಿಕೊಟ್ಟವನೂ ನಾನೇ. ಮಕ್ಕಳೇ, ನೀವೂ ಕಲಿತುಕೊಳ್ಳಿ. ಗಾಜು ಒಡೆದರೆ ಮೊದಲು ಒಡೆದ ಅಂಚನ್ನು ನೋಡಬೇಕು, ಕೈಗವಸು ಹಾಕಿಕೊಂಡು. ಅಂಚು ಸೋಪಿನ ಹಾಗೆ ದುಂಡಗಿದ್ದರೆ ಗಾಜು ಏರುವಾಗಲೇ ಒಡೆದಿದೆ, ಆಮೇಲೆ ಆ ಶಾಖದಲ್ಲಿ ಅಂಚು ಕರಗಿ ನುಣುಪಾಗಿದೆ. ಅಂಚು ಚೂಪಾಗಿದ್ದರೆ ಕರಗಿ ಮುಗಿದ ಮೇಲೆ, ತಣಿಯುವಾಗಲೋ ಆಮೇಲೋ ಒಡೆದಿದೆ. ಎರಡನೆಯದು, ಬಿರುಕಿನ ದಾರಿ. ಹೊಂದದ ಗಾಜಿನಿಂದ ಒಡೆದರೆ ಬಿರುಕು ಸಾಮಾನ್ಯವಾಗಿ ಆ ತುಂಡಿನ ಸುತ್ತ, ಅದರ ಅಂಚು ಹಿಡಿದು ಹೋಗುತ್ತದೆ. ತಣಿಸುವಾಗ ತಪ್ಪಾಗಿದ್ದರೆ ಯಾವ ತುಂಡನ್ನೂ ಲೆಕ್ಕಿಸದೆ ಈ ಕಡೆಯಿಂದ ಆ ಕಡೆಗೆ ಬಾಗಿ ಹಾದುಹೋಗುತ್ತದೆ.

ಕಾಫಿ ಲೋಟ ಹಿಡಿದು ಬಂದಾಗ ಅವಳ ಮಡಿಲಲ್ಲಿ ಲೆಡ್ಜರ್ ಇತ್ತು.

"ತಾತ, ಅಂಚು ಚೂಪಾಗಿದೆ. ಬಿರುಕು ಕಿತ್ತಳೆ ಚುಕ್ಕೆಯನ್ನು ಸುತ್ತಿ ಹೋಗಿಲ್ಲ, ಒಂದು ಚುಕ್ಕೆಯ ನಡುವೆಯೇ ಹಾದು ಹೋಗಿದೆ. ಹಾಗಾದರೆ ಕಿತ್ತಳೆಯ ತಪ್ಪಲ್ಲ."

"ಅಲ್ಲ" ಎಂದೆ.

"ರಾತ್ರಿ 9.45ಕ್ಕೆ ಮುಚ್ಚಳ ತೆರೆದಿದೆ ಅಂತ ಇದೆ. ಯಾರು ತೆರೆದರು ಅಂತ ಬರೆದಿಲ್ಲ."

ಬ್ಯಾಂಕಿನಲ್ಲಿ ಎಂಟ್ರಿ ಹಾಕಿದವನು ಪಕ್ಕದಲ್ಲಿ ಸಣ್ಣ ಸಹಿ ಮಾಡಬೇಕು. 36 ವರ್ಷ ಒಂದು ದಿನವೂ ಬಿಡದೆ ಮಾಡಿದ್ದೇನೆ. ಆ ರಾತ್ರಿ ಮಾಡಿರಲಿಲ್ಲ. ಸುಳ್ಳು ಬರೆಯಲು ಕೈ ಬಂದಿರಲಿಲ್ಲ, ಹೆಸರು ಹಾಕಲೂ ಬಂದಿರಲಿಲ್ಲ. ಪುಟ್ಟಿ ಏನೂ ಬೈಯಲಿಲ್ಲ. ಪೆನ್ನಿನ ಕ್ಯಾಪ್ ತೆಗೆದು ನನ್ನ ಕೈಗೆ ಕೊಟ್ಟಳು. ಸಹಿ ಹಾಕಿದೆ. ಆಮೇಲೆ ನಡೆದದ್ದೆಲ್ಲ ಹೇಳಿದೆ, ಟಾರ್ಚ್ ಬೆಳಕಿನಲ್ಲಿ ಹೂವು ಹೇಗೆ ಕಂಡಿತೆಂಬುದನ್ನೂ. "ಇರಬಹುದು ಅಂದೆನಲ್ಲ, ಅದು ಒಲೆ ತೆರೆದದ್ದಕ್ಕಿಂತ ದೊಡ್ಡ ತಪ್ಪು" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ನೀವು ಒಬ್ಬರೇ ಯಾಕೆ ನೋಡಿದಿರಿ? ನನ್ನನ್ನು ಎಬ್ಬಿಸಬಾರದಿತ್ತಾ?"

ಅವಳಿಗೆ ಬೇಸರವಾದದ್ದು ಅಲ್ಲಿ. ನನಗೆ ಅದು ಹೊಳೆದೇ ಇರಲಿಲ್ಲ.

ಹೋಳು ಕೂಡಿತು

ಎರಡೇ ಹೋಳಾದ ಗಾಜನ್ನು ಮತ್ತೆ ಕೂಡಿಸಬಹುದು. ಹೋಳುಗಳನ್ನು ತೊಳೆದು, ಒರೆಸಿ, ಹಲಗೆಯ ಮೇಲೆ ಒಂದಕ್ಕೊಂದು ಒತ್ತಾಗಿ ಇಟ್ಟು ಮತ್ತೆ 800ರವರೆಗೆ ಕಾಯಿಸಿದರೆ ಬೆಸೆದುಕೊಳ್ಳುತ್ತವೆ. ಗೆರೆ ಮಾತ್ರ ತುಸು ಕಾಣುತ್ತದೆ. ಪುಟ್ಟಿ ಆ ಗೆರೆಯ ಮೇಲೆ ದಾರದಷ್ಟು ತೆಳ್ಳಗಿನ ಹಸಿರು ಗಾಜಿನ ಕಡ್ಡಿಗಳನ್ನು ಇಟ್ಟಳು. ಬಿರುಕು ಪಾರಿಜಾತದ ಕೊಂಬೆಯಾಯಿತು.

ಎರಡನೇ ಸಲ ಗಾಜು ಆಗಲೇ 6 ಮಿಲಿಮೀಟರ್ ದಪ್ಪದ ಒಂದೇ ತುಂಡಾಗಿರುವುದರಿಂದ ಏರಿಸುವಾಗಲೂ ನಿಧಾನ ಬೇಕು. ಗಂಟೆಗೆ 220ರ ಬದಲು 100 ಡಿಗ್ರಿ. ಮಧ್ಯಾಹ್ನ ಎರಡಕ್ಕೆ ಒಲೆ ಹಾಕಿದೆವು. ಅಜ್ಜಿ ಅಷ್ಟು ಹೊತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಮಲಗಿದ್ದಳು. ರಾತ್ರಿ ಒಂಬತ್ತೂವರೆಗೆ 800 ಮುಟ್ಟಿತು. ಈ ಸಲ 482ರಲ್ಲಿ ಎರಡು ಗಂಟೆ ನಿಲ್ಲಿಸಿ, ಗಂಟೆಗೆ 40ರಂತೆ ಇಳಿಸಿದೆ. ನಾನು ವರಾಂಡದಲ್ಲೇ ಚಾಪೆ ಹಾಕಿಕೊಂಡೆ. ಕೈ ಎರಡನ್ನೂ ಶಾಲಿನೊಳಗೆ ಇಟ್ಟುಕೊಂಡಿದ್ದೆ.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಅಜ್ಜಿ ಪಟ್ಟಿ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಮನೆಗೆ ಬಂದಳು. ಬಿಲ್ಲೆ ಇನ್ನೂ ಒಲೆಯಲ್ಲೇ ಇತ್ತು. ಪುಟ್ಟಿ ಓಡಿಹೋಗಿ ಅಜ್ಜಿಯ ಕೈ ಹಿಡಿದು ವರಾಂಡಕ್ಕೆ ಕರೆತಂದು, "ಅಜ್ಜಿ, ಒಂದು ವಸ್ತು ತೋರಿಸಬೇಕು, ಆದರೆ ಈಗ ತೋರಿಸೋ ಹಾಗಿಲ್ಲ" ಎಂದಳು. ಅಜ್ಜಿ ಕನ್ನಡಕವನ್ನು ತುಸು ಮೇಲೆತ್ತಿ ಒಲೆಯ ಕಡೆ ನೋಡಿದಳು. ಆರಡಿ ದೂರದಿಂದ ಓದಿದಳು: "ತೊಂಬತ್ತೆರಡು."

ವರ್ಷದಿಂದ ಕ್ಯಾಲೆಂಡರಿನ ದೊಡ್ಡ ಅಂಕಿಯೂ ಓದಲಾಗದವಳು ಕಂಟ್ರೋಲರಿನ ಪುಟ್ಟ ಕೆಂಪು ಅಂಕಿ ಓದಿದ್ದಳು. ಮೂವರೂ ಬೆತ್ತದ ಕುರ್ಚಿ ಹಾಕಿಕೊಂಡು ಕೂತೆವು. ಅಜ್ಜಿ ಆಗಾಗ ಅಂಕಿ ಓದುತ್ತಿದ್ದಳು, ಪುಟ್ಟಿ ಲೆಡ್ಜರಿನಲ್ಲಿ ಬರೆಯುತ್ತಿದ್ದಳು. ಹನ್ನೆರಡರ ಹೊತ್ತಿಗೆ 40 ಆಯಿತು. ಪ್ಲಗ್ ಕಿತ್ತ ಮೇಲೆ ಮುಚ್ಚಳ ತೆಗೆದದ್ದು ಪುಟ್ಟಿ. ಆ ಬಿಲ್ಲೆ ಈಗ ನಮ್ಮ ನಡುಮನೆಯ ಪೂರ್ವದ ಕಿಟಕಿಯಲ್ಲಿದೆ. ಬೆಳಗಿನ ಬಿಸಿಲು ಬಿದ್ದಾಗ ನೆಲದ ಮೇಲೆ ನೀಲಿ ಹರಡುತ್ತದೆ. ಅಜ್ಜಿ ಅದನ್ನು ಈಗ ನೀಲಿ ಎಂದೇ ಕರೆಯುತ್ತಾಳೆ.

ಹಿರಿಯರಿಗೆ ಒಂದಿಷ್ಟು ಕಿವಿಮಾತು

1. ಒಲೆ ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ. ಒಳಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

2. ಮಕ್ಕಳು ವಿನ್ಯಾಸ ಜೋಡಿಸಲಿ, ಲೆಡ್ಜರ್ ಬರೆಯಲಿ. ಕತ್ತರಿಸುವ ಕೆಲಸ ದೊಡ್ಡವರದು. ಕತ್ತರಿಸುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ, ಪಕ್ಕದಲ್ಲಿ ನಿಂತು ನೋಡುವವರಿಗೂ.

3. ನಡುವೆ ಕರೆಂಟ್ ಹೋದರೆ ಗಾಬರಿಯಾಗಿ ಮುಚ್ಚಳ ತೆಗೆಯಬೇಡಿ. ಇಟ್ಟಿಗೆ ಶಾಖ ಹಿಡಿದುಕೊಂಡಿರುತ್ತದೆ. ಇಳಿಯುವಾಗ ಹೋಗಿದ್ದರೆ, ಕರೆಂಟ್ ಬಂದಾಗ ಡಿಗ್ರಿ ನೋಡಿ. 482ಕ್ಕಿಂತ ಮೇಲಿದ್ದರೆ ತಣಿಸುವ ಹಂತಕ್ಕೆ ಹಾಕಿ. ಅದಕ್ಕಿಂತ ಕೆಳಗಿಳಿದಿದ್ದರೆ ನಿಧಾನವಾಗಿ ಮತ್ತೆ 482ಕ್ಕೆ ಏರಿಸಿ, ಅಲ್ಲಿಂದ ಹೊಸದಾಗಿ ತಣಿಸಿ.

4. ಒಲೆಯ ಮುಚ್ಚಳ ತೆಗೆಯುವುದು 40 ಡಿಗ್ರಿಗೆ. 230ಕ್ಕಲ್ಲ. ನೂರಕ್ಕೂ ಅಲ್ಲ.

5. ಪ್ರತಿ ಸಲವೂ ಲೆಡ್ಜರ್ ಬರೆಯಿರಿ. ಚೆನ್ನಾಗಿ ಬಂದದ್ದು ಹೇಗೆ ಬಂತು, ಒಡೆದದ್ದು ಯಾಕೆ ಒಡೆಯಿತು ಎಂದು ಆರು ತಿಂಗಳ ಮೇಲೆ ನೆನಪಿರುವುದಿಲ್ಲ.

ನಮ್ಮ ಲೆಡ್ಜರಿನಲ್ಲಿ ಈಗ ನಾಲ್ಕು ಕಲಮುಗಳಿವೆ. ಗಂಟೆ, ಡಿಗ್ರಿ, ಷರಾ, ಸಹಿ. ನಾಲ್ಕನೆಯ ಗೆರೆಯನ್ನು ಸ್ಕೇಲ್ ಇಟ್ಟು ಕೊನೆಯ ಪುಟದವರೆಗೂ ಎಳೆದುಕೊಟ್ಟು ಹೋದವಳು ಪುಟ್ಟಿ. ಬೇಸಿಗೆ ರಜೆಗೆ ಬಂದಾಗ ಆಡಿಟ್ ಮಾಡುತ್ತಾಳಂತೆ.

ಮುಂದಿನ ವಾರ ಮತ್ತೆ ಭೇಟಿಯಾಗೋಣ.